ರಿಂಕನ್ನು ಯಾವ ದಿಕ್ಕಿಗೆ ಸುತ್ತಬೇಕು?

ಚಕ್ರದ ಶೂ ಹಾಕಿಕೊಂಡವರು ದೇವರನ್ನು ಯಾವ ಕಡೆಯಿಂದ ಸುತ್ತಬೇಕು? ನಗಬೇಡಿ. ಕಳೆದ ಭಾನುವಾರ ವಡೋದರಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎರಡು ಗಂಟೆ ಇದೇ ಚರ್ಚೆ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವನು ನಾನೇ. ಹನ್ನೊಂದು ವರ್ಷದ ಮಗಳು ಅನ್ವಿ ನಮ್ಮ ಬೇಸ್‌ಮೆಂಟಿನಲ್ಲಿ, ಸ್ಕೂಟರುಗಳ ಸಂದಿಯಲ್ಲಿ ಸ್ಕೇಟಿಂಗ್ ಪ್ರಾಕ್ಟೀಸ್ ಮಾಡುತ್ತಾಳೆ. ಜಿಲ್ಲಾ ಸೆಲೆಕ್ಷನ್‌ಗೆ ಎರಡೇ ತಿಂಗಳು. ಅವಳ ತರಚಿದ ಮೊಣಕಾಲು ನೋಡಲಾಗಲಿಲ್ಲ. ಸೊಸೈಟಿಯವರ ಮುಂದೆ, ಕಾಮನ್ ಪ್ಲಾಟಿನಲ್ಲೊಂದು ಸ್ಕೇಟಿಂಗ್ ರಿಂಕ್ ಮಾಡೋಣ ಎಂದೆ. ಹಾಗಾದರೆ ಪ್ಲಾನ್ ನೀವೇ ಹಾಕಿ ಎಂದರು. (ನಾನು ಇಂಜಿನಿಯರ್ ಹೌದು. ಬಾಯ್ಲರ್ ಇಂಜಿನಿಯರ್.)

ಟೇಪ್ ಹಿಡಿದು ಅಳೆದೆ. ಉದ್ದ ಮೂವತ್ತು ಮೀಟರ್, ಅಗಲ ಹದಿನೈದು. ದುಂಡು ಮೂಲೆ, ನುಣುಪು ಕಾಂಕ್ರೀಟು, ಸುತ್ತ ಹಿಡಿದುಕೊಳ್ಳಲು ಕಂಬಿ. ನಟ್ಟನಡುವೆ ಮಾತ್ರ ಅಂಬಾ ಮಾತೆಯ ಪುಟ್ಟ ಗುಡಿ. ಇರಲಿ, ಟ್ರ್ಯಾಕ್ ಅದರ ಸುತ್ತ ಹೋದರಾಯಿತು! ಚಾರ್ಟ್ ಪೇಪರಿನಲ್ಲಿ ಬರೆದ ಪ್ಲಾನ್ ನೋಡಿ ನಾನೇ ಬೀಗಿದೆ.

ಭಾನುವಾರದ ಸಭೆಯಲ್ಲಿ ಕಾರ್ಯದರ್ಶಿ ಜಯಂತಿಭಾಯಿ ನಾನು ಹಾಕಿದ್ದ ಬಾಣದ ಗುರುತಿನ ಮೇಲೆ ಬೆರಳಿಟ್ಟರು. "ಅರೆ ರಾವ್‌ಭಾಯಿ, ಯೇ ತೋ ಊಂಧಿ ಪ್ರದಕ್ಷಿಣಾ ಹೈ!"

ಊಂಧಿ ಅಂದರೆ ಉಲ್ಟಾ. ಸ್ಕೇಟಿಂಗ್ ರೇಸಿನಲ್ಲಿ ಎಡಕ್ಕೇ ತಿರುಗಬೇಕು. ಅಂದರೆ ಮಕ್ಕಳು ದಿನಾ ದೇವಿಗೆ ಅಪ್ರದಕ್ಷಿಣೆ ಹಾಕಿದ ಹಾಗೆ. ಬಲಕ್ಕೆ ಓಡಿಸಿ ಎಂದರು ಒಬ್ಬರು. ಬಲಕ್ಕೇ ಓಡಿ ಕಲಿತವಳು ಸೆಲೆಕ್ಷನ್ ದಿನ ಏನು ಮಾಡಬೇಕು, ಎದುರು ಬಂದವರಿಗೆಲ್ಲ ಡಿಕ್ಕಿ ಹೊಡೆಯಬೇಕೆ? ಕೊನೆಗೆ ನೆರೆಮನೆಯ ಹಂಸಾಬೇನ್ ಪರಿಹಾರ ಕೊಟ್ಟರು. ಮಕ್ಕಳು ಬಾಣ ತೋರಿಸುವ ಕಡೆಗೇ ಹೋಗಲಿ, ಆದರೆ ಹಿಮ್ಮುಖವಾಗಿ. ಆಗ ದೇವಿ ಬಲಗಡೆಗೇ ಬರುತ್ತಾಳಲ್ಲ? ನಾನು ಕೂತಲ್ಲೇ ಚಿತ್ರ ಬರೆದು ನೋಡಿದೆ. ಹೆಂಗಸಿನ ಮಾತು ಕರಾರುವಾಕ್ಕಾಗಿತ್ತು! ಎಲ್ಲರೂ ಚಪ್ಪಾಳೆ ತಟ್ಟಿದರು.

ಪಕ್ಕದಲ್ಲೇ ಕೂತಿದ್ದ ಅನ್ವಿ ನನ್ನ ತೋಳು ಜಗ್ಗಿದಳು. "ಅಪ್ಪಾ, ಪರ್ ನವರಾತ್ರಿಲಿ ಗರ್ಬಾನೂ ಹೀಗೇ ಉಲ್ಟಾ ಹೋಗತ್ತಲ್ವಾ? ಅಂಕಲ್ಸ್ ಎಲ್ಲಾ ಮಾತಾಜಿ ಸುತ್ತ ಎಡಕ್ಕೇ ತಿರುಗ್ತಾರೆ ನಾ?"

ಸದ್ಯ, ಕನ್ನಡದಲ್ಲಿ ಕೇಳಿದ್ದಳು. "ಕ್ಯಾ ಬೋಲಿ ಬೇಟಿ?" ಎಂದರು ಜಯಂತಿಭಾಯಿ. ನಾನು ಮಾತು ತೇಲಿಸಲು ನೋಡಿದೆ. (ಅಕ್ಕಪಕ್ಕದಲ್ಲಿ ಬಾಳಬೇಕಲ್ಲ ಸ್ವಾಮಿ!) ಅವಳೇ ಅಚ್ಚ ಗುಜರಾತಿಯಲ್ಲಿ ಇನ್ನೊಮ್ಮೆ ಕೇಳಿದಳು. ಜಯಂತಿಭಾಯಿ ಎದ್ದು, ನನ್ನ ಪ್ಲಾನನ್ನು ನೆಲಕ್ಕೆ ಹಾಸಿ, ಅದರ ಸುತ್ತ ನಾಲ್ಕು ಹೆಜ್ಜೆ ಗರ್ಬಾ ಆಡಿ ನೋಡಿದರು. ಸುತ್ತಿದ್ದು ಎಡಕ್ಕೇ! ಮುಖ ಇಳಿಯಿತು.

ಈಗ ರಿಂಕ್ ಕೆಲಸ ನಿಂತಿದೆ. ಮೊದಲು ಗರ್ಬಾ ಯಾವ ಕಡೆಗೆ ತಿರುಗಬೇಕೆಂದು ಇತ್ಯರ್ಥ ಮಾಡಲು ಒಂದು ಸಬ್‌ಕಮಿಟಿ ಆಗಿದೆ. ಅದರಲ್ಲಿ ನಾನೂ ಇದ್ದೇನೆ, ನಾಚಿಕೆಯಿಲ್ಲದೆ. ಮಗಳು ಮಾತ್ರ ಸ್ಕೂಟರುಗಳ ನಡುವೆ ಬಿದ್ದು ಎದ್ದು ಓಡುತ್ತಲೇ ಇದ್ದಾಳೆ.

ಅವಳ ಸೆಲೆಕ್ಷನ್ ಮುಗಿಯುವುದರೊಳಗೆ ನಾವು ದೊಡ್ಡವರು, ಎಡಕ್ಕೋ ಬಲಕ್ಕೋ, ಒಂದು ಹೆಜ್ಜೆಯಾದರೂ ಇಟ್ಟೇವೆ?