ತೆರೆ ಒಡೆಯದ ಜಾಗ

ಮಣಿಪಾಲದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಇಪ್ಪತ್ತು ವರ್ಷಗಳಿಂದ ಊರಿನವರ ಕಣ್ಣು ಪರೀಕ್ಷಿಸಿ, “ಈಗ ಸರಿಯಾಗಿ ಕಾಣುತ್ತದಾ?” ಎಂದು ಕೇಳುವುದೇ ನನ್ನ ಕೆಲಸ. ನನಗೆಷ್ಟು ಕಾಣುತ್ತದೆ ಎಂದು ಯಾರೂ ಕೇಳಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಅಂಬಲಿಯಲ್ಲಿ ಬಿದ್ದಿತಂತೆ. ನಮ್ಮಲ್ಲಿ ಅಂಬಲಿಯ ಬದಲು ಕಾಪುವಿನ ಸಮುದ್ರ, ಬಿದ್ದದ್ದು ಹಲ್ಲಿಯಲ್ಲ, ಹಲ್ಲಿಯ ಹೆಂಡತಿ.

ನನಗೆ ಫೋಟೋದ ಹುಚ್ಚು ಹತ್ತಿದ್ದು ಕಾರ್ಕಳದಲ್ಲಿ. ಹೆಂಡತಿಯ ತವರಿಗೆ ಹೋಗಿದ್ದಾಗ ಅಲ್ಲಿ ಹಳೆಯ ಸ್ಟುಡಿಯೋ ಒಂದು ಮುಚ್ಚುತ್ತಿತ್ತು. ಕಪಾಟು ಖಾಲಿ ಮಾಡುತ್ತಿದ್ದ ಮಾಲೀಕರು ಮೂರು ಲೆನ್ಸುಗಳನ್ನು ನನ್ನ ಕೈಗೆ ಹಾಕಿ, “ಇದನ್ನು ಈಗ ಯಾರು ಕೇಳ್ತಾರೆ ಮಾರಾಯ್ರೆ? ನೀವಾದರೂ ಗಾಜಿನ ಮನುಷ್ಯ, ಇಟ್ಟುಕೊಳ್ಳಿ” ಎಂದರು. ಗಾಜಿನ ಮನುಷ್ಯ ಎಂದು ಬಿರುದು ಕೊಟ್ಟ ಮೇಲೆ ಸುಮ್ಮನಿರುವುದು ಹೇಗೆ? ಮನೆಗೆ ತಂದು ಒರೆಸಿ ನೋಡಿದರೆ ಒಂದರೊಳಗೆ ಬೂಷ್ಟು ಬೆಳೆದಿತ್ತು. ಉಳಿದೆರಡು ಚೆನ್ನಾಗಿದ್ದವು, ಆದರೆ ಅವುಗಳಲ್ಲಿ ತಾನಾಗಿ ಆಗುವುದು ಏನೂ ಇಲ್ಲ. ಬೆಳಕು ಎಷ್ಟು ಬೇಕೆಂದು ಬೆರಳಿನಿಂದ ತಿರುಗಿಸಿ ಹೇಳಬೇಕು, ಫೋಕಸ್ಸನ್ನೂ ಬೆರಳಿನಿಂದಲೇ ಹುಡುಕಬೇಕು. ಹತ್ತಿರದಿಂದ ತೆಗೆಯಬೇಕಾದರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಒಂದು ಲೋಹದ ಬಳೆ ಸಿಕ್ಕಿಸಬೇಕು. ಆಗ ಸ್ಪಷ್ಟವಾಗಿ ಕಾಣುವುದು ಉಗುರಿನ ದಪ್ಪದಷ್ಟು ಜಾಗ ಮಾತ್ರ. ಅದರ ಹಿಂದೆ ಮುಂದೆ ಏನಿದ್ದರೂ ಮಂಜು.

ಇಂಥ ಲೆನ್ಸಿನಲ್ಲಿ ಬುದ್ಧಿಯಿರುವವರು ಅಲ್ಲಾಡದ ಹೂವನ್ನೋ ಕಲ್ಲನ್ನೋ ತೆಗೆಯುತ್ತಾರೆ. ನನಗೆ ಹರಿಯುವ ನೀರೇ ಬೇಕಾಯಿತು. ಮಾವನ ಮನೆಯ ಹಿಂದಿನ ತೋಡಿನಲ್ಲಿ ನೀರು ಕಲ್ಲನ್ನು ಬಳಸಿ ಹೋಗುವಾಗ ಒಂದು ಮಡಿಕೆ ಬೀಳುತ್ತದೆ. ಆ ಮಡಿಕೆಯೊಳಗೆ ಆಕಾಶವೂ ಕೆಸರೂ ಒಟ್ಟಿಗೆ ಕಾಣಿಸಿದ ದಿನ ನನಗೆ ನಿಜವಾಗಿಯೂ ಬಹಳ ಸಂತೋಷವಾಗಿತ್ತು, ಅದನ್ನು ಮಾತ್ರ ತಮಾಷೆ ಮಾಡಲಾರೆ. ಉಳಿದದ್ದೆಲ್ಲ ತಮಾಷೆಯೇ. ನೂರು ಫೋಟೋ ತೆಗೆದರೆ ತೊಂಬತ್ತೆಂಟು ಮಸುಕು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ನಾನು ಬೂಷ್ಟಿಲ್ಲದ ಲೆನ್ಸಿನ ಮೇಲೂ ಬೂಷ್ಟಿನ ಅಪವಾದ ಹೊರಿಸುತ್ತಿದ್ದೆ. ಸರಿಯಾಗಿ ಬಂದ ಒಂದನ್ನು ದೊಡ್ಡದು ಮಾಡಿಸಿ ಅಂಗಡಿಯ ಗೋಡೆಗೆ ತೂಗುಹಾಕಿದೆ. ಕಣ್ಣು ತೋರಿಸಲು ಬಂದ ಹಿರಿಯರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು, ಒಂದೊಂದೇ ಕಣ್ಣು ಮುಚ್ಚಿ ನೋಡಿ, “ಎಡಗಣ್ಣಿಗೆ ಎಂತದೂ ಕಾಣುವುದಿಲ್ಲ” ಎಂದರು.

ತೋಡು ಬತ್ತಿದ ಮೇಲೆ ನನ್ನ ದೃಷ್ಟಿ ಸಮುದ್ರದ ಮೇಲೆ ಬಿತ್ತು. ಭಾನುವಾರ ಬೆಳಿಗ್ಗೆ ಉಡುಪಿಯ ಮನೆಯಿಂದ ಕಾಪುವಿಗೆ ಹೊರಡುತ್ತಿದ್ದೆವು. ಹೊರಡುತ್ತಿದ್ದೆವು ಎಂದೆ, ಏಕೆಂದರೆ ನೀರಿನ ಮೇಲೆ ಬೆಳಕು ತಿರುಗಿಸಲು ಒಬ್ಬರು ಬೇಕಿತ್ತು, ಮತ್ತು ಆ ಕೆಲಸಕ್ಕೆ ನಾನು ಹೆಂಡತಿಯನ್ನು ಅವಳನ್ನು ಕೇಳದೆಯೇ ನೇಮಿಸಿದ್ದೆ. ಅವಳು ಕಾರ್ಕಳದಲ್ಲಿ ಬೆಳೆದವಳು, ಈಜು ಬಾರದು. ಮನೆಯ ದೊಡ್ಡ ಸ್ಟೀಲಿನ ಹರಿವಾಣ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತು, ನಾನು ತೋರಿಸಿದ ನೊರೆಯ ಮೇಲೆ ಬಿಸಿಲು ಬೀಳಿಸುತ್ತಿದ್ದಳು. “ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಗೆ” ಎಂದು ನಾನು ಅವಳೆದುರು ನೀರಿನಲ್ಲಿ ಬಾಗಿ ನಿಂತು ಅಪ್ಪಣೆ ಕೊಡುತ್ತಿದ್ದೆ. ಒಮ್ಮೆ ದಡದಲ್ಲಿದ್ದ ಪ್ರವಾಸಿ ಕುಟುಂಬವೊಂದು ಇದು ಯಾವುದೋ ಪೂಜೆಯೆಂದು ತಿಳಿದು ಕೈಮುಗಿಯಿತು. “ನಿಮ್ಮ ನೀರಿಗೆ ಆರತಿ ಎತ್ತಿ ಎತ್ತಿ ನನ್ನ ಭುಜ ಹೋಯಿತು” ಎಂದು ಅವಳು ನಗುತ್ತಿದ್ದಳು. ಆದರೂ ಮುಂದಿನ ಭಾನುವಾರ ಹರಿವಾಣ ತೊಳೆದು ಚೀಲಕ್ಕೆ ಹಾಕುತ್ತಿದ್ದವಳು ಅವಳೇ.

ತೆರೆ ಒಡೆಯುವಲ್ಲಿ ನನ್ನ ಬೆರಳಿಗೆ ಫೋಕಸ್ ಸಿಗುತ್ತಿರಲಿಲ್ಲ. ಹುಡುಕಿ ಹುಡುಕಿ ಕೊನೆಗೊಂದು ಜಾಗ ಕಂಡುಕೊಂಡೆ. ಎಡಕ್ಕೂ ಬಲಕ್ಕೂ ತೆರೆಗಳು ಧಡಧಡನೆ ಒಡೆಯುತ್ತಿದ್ದರೆ ನಡುವೆ ಒಂದು ಓಣಿಯಷ್ಟು ಅಗಲದಲ್ಲಿ ತೆರೆಯೇ ಇಲ್ಲ. ನೊರೆ ಅಲ್ಲಿ ನಿಧಾನವಾಗಿ, ಹಳೆಯ ಲೆನ್ಸಿಗೆ ಹೇಳಿ ಮಾಡಿಸಿದ ವೇಗದಲ್ಲಿ, ಸಮುದ್ರದ ಕಡೆ ಜಾರುತ್ತಿತ್ತು. “ನೋಡು, ಇಲ್ಲಿ ನೀರು ಮಾತು ಕೇಳುತ್ತದೆ” ಎಂದು ಹೆಂಡತಿಗೆ ಪಾಠ ಹೇಳಿದೆ.

ಆ ದಿನ ಸ್ವಲ್ಪ ದೂರದಲ್ಲಿ ಕೈರಂಪಣಿಯವರು ಇದ್ದರು. ದಡದಲ್ಲೇ ಸಾಲಾಗಿ ನಿಂತು ಹಗ್ಗ ಹಿಡಿದು ಸಮುದ್ರದಿಂದ ಬಲೆ ಎಳೆಯುವವರು. ಅವರಲ್ಲೊಬ್ಬರು ನಮ್ಮ ಕಡೆ ಕೈ ಬೀಸಿ ಏನೋ ಕೂಗಿದರು. ತಮ್ಮ ಫೋಟೋ ತೆಗೆಯಿರಿ ಎನ್ನುತ್ತಿದ್ದಾರೆ ಎಂದುಕೊಂಡೆ. ‘ಆಮೇಲೆ, ಆಮೇಲೆ’ ಎಂದು ದೊಡ್ಡ ಕಲಾವಿದನ ಗತ್ತಿನಲ್ಲಿ ಕೈಸನ್ನೆ ಮಾಡಿ, ಕಣ್ಣನ್ನು ಮತ್ತೆ ಕ್ಯಾಮೆರಾಕ್ಕೆ ಒತ್ತಿಕೊಂಡೆ.

“ಒಂದು ಹೆಜ್ಜೆ ಹಿಂದೆ ಹೋಗು” ಎಂದೆ. ಅವಳ ಹಿಂದೆ ಇದ್ದದ್ದು ಸಮುದ್ರ. ಅವಳು ಹೋದಳು. ಒಂದು ಗುಳ್ಳೆಯ ಅಂಚು ಸ್ಪಷ್ಟವಾಯಿತು, ಒತ್ತಿದೆ. ಅಷ್ಟರಲ್ಲಿ ಬೆಳಕು ಹೋಯಿತು. “ಹರಿವಾಣ ಅಲ್ಲಾಡಿಸಬೇಡ ಅಂತ ಎಷ್ಟು ಸಲ ಹೇಳುವುದು?” ಎಂದು ರೇಗಿದೆ. ಕಣ್ಣು ತೆಗೆದು ನೋಡಿದರೆ ಅವಳು ಎದೆಯವರೆಗೆ ನೀರಿನಲ್ಲಿದ್ದಳು. ಕಾಲು ನೆಲಕ್ಕೆ ತಾಗುತ್ತಿಲ್ಲವೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಅವಳು ಕಿರುಚಲಿಲ್ಲ. “ಇಲ್ಲಿ ನೋಡಿ” ಎಂದಳು, ಅಡುಗೆಮನೆಯಿಂದ ನನ್ನನ್ನು ಕರೆಯುವ ಅದೇ ಧ್ವನಿಯಲ್ಲಿ.

ನಾನು ನೋಡಿದೆ. ನೀರು ನನ್ನ ಸೊಂಟಕ್ಕೂ ಬಂತು, ಕಾಲಡಿಯ ಮರಳು ಸರಿಯಿತು. ಆ ಕ್ಷಣದಲ್ಲಿ ನನ್ನ ಎರಡೂ ಕೈಗಳು ಮೇಲಕ್ಕೆ ಹೋದವು. ಕ್ಯಾಮೆರಾ ನೆನೆಯಬಾರದೆಂದು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಯೋಚಿಸಿ ಮಾಡಿದ್ದಲ್ಲ ಎಂದು ಹೇಳಿಕೊಳ್ಳಬಹುದು. ಯೋಚಿಸದೆ ಮಾಡಿದ್ದು ಎಂಬುದೇ ಅದಕ್ಕಿಂತ ಕೆಟ್ಟದ್ದು.

ಕೂಗಿದ್ದವರೇ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ನನ್ನ ಪಕ್ಕದಿಂದ ಹಾರಿ ಹೋದರು. ಅವಳ ತೋಳು ಹಿಡಿದರು, ದಡದಲ್ಲಿದ್ದವರೆಲ್ಲ ಬಲೆ ಬಿಟ್ಟು ಆ ಹಗ್ಗ ಎಳೆದರು. ಮರಳಿನ ಮೇಲೆ ಕುಳಿತು ಅವಳು ಕೆಮ್ಮಿ ಕೆಮ್ಮಿ ಉಪ್ಪುನೀರು ಕಕ್ಕಿದಳು. ನಾನು ಬೆನ್ನು ಉಜ್ಜಲು ಕುಳಿತೆ.

“ಅಕ್ಕನಿಗೆ ಎಂತ ಆಗ್ಲಿಲ್ಲ, ಹೆದರಬೇಡಿ” ಎಂದು ಹಗ್ಗ ಸುತ್ತಿಕೊಂಡಿದ್ದವರು ನನ್ನ ಕಡೆ ತಿರುಗಿದರು. “ತೆರೆ ಒಡೆಯದ ಜಾಗ ಅಂದ್ರೆ ನೀರು ಹೊರಗೆ ಹೋಗುವ ದಾರಿ ಮಾರಾಯ್ರೆ. ಬಂದ ನೀರು ಎಲ್ಲಿಂದಾದರೂ ವಾಪಸ್ ಹೋಗ್ಬೇಕು ಅಲ್ವಾ? ಅಲ್ಲಿ ಹೊಂಡ ಉಂಟು. ಇಷ್ಟು ಹೊತ್ತು ನೀವು ಎಂತ ನೋಡ್ತಾ ಇದ್ದದ್ದು?”

“ನೀರು” ಎಂದೆ. ಅವರು ನನ್ನ ಕೊರಳಲ್ಲಿದ್ದ ಕ್ಯಾಮೆರಾ ನೋಡಿದರು. ಅದಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಆಮೇಲೆ ತಮ್ಮ ಬಲೆಯ ಕಡೆ ಹೋದರು.

ಈಗ ಹೆಂಡತಿ ಈ ಕತೆಯನ್ನು ನೆಂಟರಿಗೆಲ್ಲ ನಗುನಗುತ್ತಾ ಹೇಳುತ್ತಾಳೆ. ಹರಿವಾಣ ಲಕ್ಷದ್ವೀಪ ಮುಟ್ಟಿರಬೇಕು, ಅಲ್ಲಿ ಯಾರೋ ಅದರಲ್ಲಿ ಉಣ್ಣುತ್ತಿರಬೇಕು ಎನ್ನುತ್ತಾಳೆ. ನನ್ನ ಗತ್ತಿನ ಕೈಸನ್ನೆಯನ್ನು ಮಾಡಿ ತೋರಿಸುತ್ತಾಳೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ತಲೆಯ ಮೇಲೆ ಎತ್ತಿದ ಕೈಗಳ ವಿಷಯ ಬರುವಲ್ಲಿ ಮಾತ್ರ ಕತೆ ನೇರವಾಗಿ ಹಗ್ಗದವರ ಕಡೆ ಹಾರುತ್ತದೆ. ಅವಳು ನೋಡಿದ್ದಾಳೆ, ನನಗೆ ಗೊತ್ತು.

ಕಳೆದ ತಿಂಗಳು ಕಾರ್ಕಳದಲ್ಲಿ ಊಟಕ್ಕೆ ಕುಳಿತಾಗ ಅತ್ತೆ ಕತೆಯನ್ನು ನಡುವೆ ತಡೆದರು. “ಅಲ್ಲ ಮಗಾ, ನೀನು ಮುಳುಗುವಾಗ ಇವರು ಎಲ್ಲಿದ್ದರು?”

“ಇವರು ಹತ್ತಿರವೇ ಇದ್ದರು ಅಮ್ಮ” ಎಂದು ಅವಳು ನನ್ನ ಬಟ್ಟಲಿಗೆ ಅನ್ನ ಬಡಿಸಿದಳು.

ಅವಳು ಸುಳ್ಳು ಹೇಳಲಿಲ್ಲ. ಹತ್ತಿರವೇ ಇದ್ದೆ. ಕೈ ಚಾಚಿದ್ದರೆ ಸಿಗುತ್ತಿದ್ದಳು.