ಒಂದು ಗುಂಡಿ ಕಮ್ಮಿ

ಟೈಲರಕ್ಕನ ಅಂಗಡಿ ಇದ್ದದ್ದು ಮಹಡಿ ಮೆಟ್ಟಿಲ ಕೆಳಗೆ. ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ಒಂದು ಓಬೀರಾಯನ ಕಾಲದ ಟೇಪ್ ರೆಕಾರ್ಡರು ತುಂಬಿದ ಮೇಲೆ ಗಿರಾಕಿಗಳು ಹೊಸ್ತಿಲಾಚೆಯೇ ನಿಲ್ಲಬೇಕು. ಗಾಳಿಗೆ ಬರವಿದ್ದರೂ ಹಾಡಿಗೆ ಬರವಿರಲಿಲ್ಲ. ಹಾಡೆಲ್ಲ ಒಬ್ಬಳೇ ಪಾಪ್ ಗಾಯಕಿಯದು.

ಆ ಗಾಯಕಿಯ ಮೂರು ಹಾಡು ಊರಿಗೆಲ್ಲ ಬಾಯಿಪಾಠ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಕ್ಷೌರದಂಗಡಿಯಲ್ಲಿ ಅವೇ ಮೂರು. ಟೈಲರಕ್ಕನಿಗೆ ಅವು ಬೇಡ. ಕ್ಯಾಸೆಟ್ಟುಗಳ ಮಗ್ಗುಲು ಬದಲಿಸಿದರೆ ಸಿಗುವ, ಯಾರೂ ಮೂಸಿ ನೋಡದ ನಲವತ್ತು ಹಾಡುಗಳೆಂದರೆ ಅವಳಿಗೆ ಪ್ರಾಣ. ತಾನೊಬ್ಬಳೇ ಕೇಳಿ ಸುಮ್ಮನಿರುವ ಜಾಯಮಾನವೂ ಅವಳದಲ್ಲ. ಹೊಲಿದ ಬಟ್ಟೆಗೆ ಪಿನ್ನು ಚುಚ್ಚಿ ಕೊಡುವ ಚೀಟಿಯ ಮುಂದೆ ಗಿರಾಕಿಯ ಅಳತೆ, ಹಿಂದೆ ಒಂದು ಹಾಡಿನ ಹೆಸರು. ಯಾರಿಗೆ ಯಾವ ಹಾಡು ಒಪ್ಪೀತು ಎಂದು ಸೊಂಟದ ಸುತ್ತಳತೆಯಷ್ಟೇ ಗಮನವಿಟ್ಟು ಯೋಚಿಸುತ್ತಿದ್ದಳು.

ಹನ್ನೊಂದು ವರ್ಷ ಹೀಗೆ ಬರೆದಳು. ಕೇಳಿದೆ ಅಂದವರು ಒಬ್ಬರೂ ಇಲ್ಲ.

ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ ಅವಳ ನಾದಿನಿಯದು. ನಾಲಿಗೆ ಸೂಜಿಗಿಂತ ಚೂಪು. ಒಂದು ದಿನ ಅಂದೇಬಿಟ್ಟಳು: "ಅತ್ತಿಗೆ, ಈ ಚೀಟಿ ಪುಸ್ತಕ ಮುಗಿಯೋದ್ರೊಳಗೆ ಒಬ್ರಾದ್ರೂ ಹಾಡು ಕೇಳ್ದೆ ಅಂದ್ರೆ ನಾನು ಸೋತ ಹಾಗೆ. ಇಲ್ಲಾಂದ್ರೆ ಹಿಂದುಗಡೆ ಬರಿಯೋದು ಬಿಟ್ಬಿಡಬೇಕು."

"ಆಯ್ತು ಕಣೇ." ದನಿಯೇನೋ ಗಟ್ಟಿಯಾಗಿತ್ತು, ಬೆರಳು ಮಾತ್ರ ಚೀಟಿ ಎಣಿಸುತ್ತಿತ್ತು. ಪುಸ್ತಕದಲ್ಲಿ ಉಳಿದದ್ದು ಹನ್ನೆರಡೇ ಚೀಟಿ.

ಹತ್ತು ಚೀಟಿ ಹೋದವು, ಯಾರೂ ಪಿಟ್ಟೆನ್ನಲಿಲ್ಲ. ಹನ್ನೊಂದನೆಯದನ್ನು ಒಯ್ದಿದ್ದ ಲಿಫ್ಟ್ ರಿಪೇರಿಯವನು ಮರುದಿನವೇ ಅಂಗಿ ಝಾಡಿಸುತ್ತ ಬಂದ.

"ಏನಕ್ಕಾ ಇದು? ‘ಒಂದು ಗುಂಡಿ ಕಮ್ಮಿ’ ಅಂತ ಬರ್ದಿದೀರ. ನಾಲ್ಕು ಸಲ ಎಣಿಸ್ದೆ. ಎಲ್ಲಾ ಸರಿಯಾಗೇ ಇದೆಯಲ್ಲ!"

ನಾದಿನಿ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಳು.

"ಅದು ಹಾಡಿನ ಹೆಸರಪ್ಪಾ," ಎನ್ನುತ್ತ ಟೈಲರಕ್ಕ ಗಾಯಕಿಯ ಹೆಸರನ್ನೂ ಹೇಳಿದಳು.

"ಅವಳದ್ದಾ? ದಿನಾ ಲಿಫ್ಟಲ್ಲಿ ಅವಳದ್ದೇ ಕಾಟ. ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಕೈ ಮುಗೀತೀನಿ, ಬಿಟ್ಬಿಡಿ."

ಅವನು ಹೊರಟೇ ಹೋದ. ಟೈಲರಕ್ಕನಿಗೆ ಅಳುವೇ ಬಂತು. ಆಮೇಲೆ ಮೂರು ದಿನ ಗಿರಾಕಿಗಳಿಗೆ ಬಟ್ಟೆ ಕೊಟ್ಟಳೇ ಹೊರತು ಉಳಿದ ಆ ಒಂದು ಚೀಟಿ ಹರಿಯಲಿಲ್ಲ; ಪುಸ್ತಕ ಮುಗಿಯಬಾರದಲ್ಲ. ನೋಡುವವರ ಕಣ್ಣಿಗೆ ಇದು ಶುದ್ಧ ಮೋಸದಾಟ. ನಾದಿನಿಯೂ ನೋಡಿದಳು, ನೋಡದವಳ ಹಾಗೆ ದಾರ ಪೋಣಿಸುತ್ತ ಕೂತಳು.

ನಾಲ್ಕನೆಯ ದಿನ ಲಿಫ್ಟಿನವನು ಅದೇ ಅಂಗಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. "ಮಧ್ಯದ್ದು ಒಂದು ಗುಂಡಿ ಬಿದ್ದೋಯ್ತಕ್ಕಾ," ಎಂದು ಜೇಬಿನಿಂದ ಗುಂಡಿ ತೆಗೆದುಕೊಟ್ಟ.

ಟೈಲರಕ್ಕ ಅಂಗಿಯನ್ನು ಬೆಳಕಿಗೆ ಹಿಡಿದಳು. ಸವೆದು ಕಿತ್ತ ದಾರದ ತುದಿ ಜುಂಗುಜುಂಗಾಗಿರುತ್ತದೆ. ಇಲ್ಲಿ ಎಳೆಗಳೆಲ್ಲ ಒಂದೇ ಸಮ, ಬ್ಲೇಡು ಆಡಿಸಿದ್ದು ಸ್ಪಷ್ಟ.

"ತಾನಾಗೇ ಬಿತ್ತಾ?"

"ಹ್ಞೂಂ." ಅವನ ಕಣ್ಣು ಟೇಪ್ ರೆಕಾರ್ಡರಿನ ಮೇಲಿತ್ತು. "ಅಕ್ಕಾ, ಆ ಹಾಡು ಫೋನಲ್ಲಿ ಹುಡುಕ್ದೆ. ಎರಡನೇ ಚರಣದಲ್ಲಿ ಹಾಡ್ತಾ ಹಾಡ್ತಾ ಅವ್ರು ಯಾಕೆ ನಕ್ಬಿಡ್ತಾರೆ?"

ಮೊನ್ನೆ ‘ಅವಳು’ ಆಗಿದ್ದವಳು ಇವತ್ತು ‘ಅವರು’ ಆಗಿದ್ದಳು. ಆ ನಗುವೋ ಅರೆಗಳಿಗೆಯದು, ಕಿವಿಗೊಟ್ಟು ಎರಡು ಮೂರು ಸಲ ಕೇಳದವರಿಗೆ ಸಿಗುವಂಥದ್ದಲ್ಲ. ಟೈಲರಕ್ಕ ಅಂಗಿ ಮಡಿಲಲ್ಲಿಟ್ಟುಕೊಂಡು ಅವನತ್ತ ತಿರುಗಿದಳು.

"ಗೊತ್ತಿಲ್ಲಪ್ಪಾ. ಹನ್ನೊಂದು ವರ್ಷದಿಂದ ನಾನೂ ಅದನ್ನೇ ಯೋಚಿಸ್ತಿದೀನಿ. ಸಾಲು ಮರ್ತೋಗಿರಬೇಕು."

"ಇಲ್ಲಕ್ಕಾ, ಎದುರಿಗೆ ಯಾರೋ ಬಂದಿರ್ತಾರೆ."

ಅದು ಅವಳಿಗೆ ಹೊಳೆದೇ ಇರಲಿಲ್ಲ. ಕೊನೆಯ ಚೀಟಿ ಹರಿದು, ಮುಂದೆ ‘ಗುಂಡಿ – ಒಂದು’ ಎಂದು ಬರೆದು, ಮಗುಚಿದಳು. ನಲವತ್ತು ಹಾಡುಗಳೂ ನಾ ಮುಂದು ತಾ ಮುಂದು ಎಂದು ನುಗ್ಗಿದವು. ಪೆನ್ನು ಚೀಟಿಗೆ ತಾಗದೆ ಮೇಲೇ ನಿಂತಿತು.

"ಬೇಗ ಬರೀರಿ ಅತ್ತಿಗೆ," ಎಂದಳು ನಾದಿನಿ, ಆಗಲೇ ಚಪ್ಪಲಿ ಮೆಟ್ಟುತ್ತ. "ಹೊಸ ಚೀಟಿ ಪುಸ್ತಕ ತರೋಕೆ ಹೊರಟಿದೀನಿ."