ಲೈನ್ ಮನೆ ಮುಂದಿನ ಚರಂಡಿ

ಕೊಡಗು ಬೇರೆಯೇ ರಾಜ್ಯವಾಗಿದ್ದ ಕಾಲ. ಸಿದ್ದಾಪುರದ ಕಾಫಿ ಎಸ್ಟೇಟೊಂದರ ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಇದ್ದ ಒಬ್ಬ ಕೂಲಿ ಹೆಂಗಸು, ನಾವು ಏನು ಹೇಳಿದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಇರ್ಲಿ ಬಿಡಿ ಸ್ವಾಮಿ” ಅನ್ನುತ್ತಿದ್ದಳು.

ಬಡವರನ್ನು ಉದ್ಧರಿಸಲು ಮಡಿಕೇರಿಯಿಂದ ಹೋದ ನಮ್ಮ ಸೇವಾಸಂಘ ಶ್ರಮದಾನದಲ್ಲಿ ಅವಳ ಮನೆ ಮುಂದೆ ಚರಂಡಿ ತೋಡಿತು. ಮುಂದಾಳು ನಾನೇ. “ನೀರು ಈ ಕಡೆ ಇಳಿಯೋದು...” ಎಂದು ಅವಳು ಬಾಯಿ ತೆರೆದಾಗ ನಾನು ಶುಚಿತ್ವದ ಭಾಷಣ ಶುರುಮಾಡಿದೆ. “ಇರ್ಲಿ ಬಿಡಿ ಸ್ವಾಮಿ” ಎಂದು ಸೆರಗು ಸಿಕ್ಕಿಸಿಕೊಂಡಳು. ಅಂಗೈಯ ಬೊಬ್ಬೆಗಳನ್ನು ವಾರವಿಡೀ ಕಂಡಕಂಡವರಿಗೆ ತೋರಿಸಿದೆ.

ಮಳೆಗಾಲದಲ್ಲಿ ಹೋಗಿ ನೋಡಿದರೆ ನೀರು ಸರಾಗವಾಗಿ ಹರಿಯುತ್ತಿತ್ತು, ಬೇರೆ ಚರಂಡಿಯಲ್ಲಿ. ನಮ್ಮದು ನೀರನ್ನು ಅವಳ ಒಲೆಯವರೆಗೂ ತಂದಿದ್ದರಿಂದ ಲೈನಿನವರು ಅದನ್ನು ಮುಚ್ಚಿ ಹೊಸದು ತೋಡಿದ್ದರು. ನಾನು ತಲೆ ತಗ್ಗಿಸಿದೆ.

“ಇರ್ಲಿ ಬಿಡಿ ಸ್ವಾಮಿ” ಎಂದಳು. “ಮತ್ತೆ ಬರೋದಾದ್ರೆ ಮಾತ್ರ ಮೊದ್ಲೇ ಹೇಳಿ. ಸರಿ ಮಾಡೋಕೆ ನಾವು ಒಂದಿನ ಕೆಲ್ಸ ಬಿಡ್ಬೇಕು.”